ಕಡಲಕುದುರೆಯನ್ನು ಮನೆಯಲ್ಲಿ ಸಾಕಬಹುದೇ?

ಪ್ರಶ್ನೆ: ನಮ್ಮ ಮನೆ ರಾಜಾಜಿನಗರದಲ್ಲಿ. ಕಡಲಕುದುರೆಗಳಲ್ಲಿ ಗಂಡೇ ಮರಿ ಹಾಕುತ್ತದೆ ಎಂದು ಶಾಲೆಯಲ್ಲಿ ಕೇಳಿ ಬಂದ ಮಗಳು ಅದನ್ನೇ ಸಾಕೋಣ ಎಂದು ಹಟ ಹಿಡಿದಿದ್ದಾಳೆ. ಎರಡಡಿ ಉದ್ದದ ಗಾಜಿನ ತೊಟ್ಟಿ ಖಾಲಿ ಇದೆ. ಉಪ್ಪುನೀರು ಸಿದ್ಧಪಡಿಸಿಕೊಂಡು ಸಾಕಬಹುದೇ?

ಉತ್ತರ: ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ ಕಡಲಕುದುರೆ 2001ರಲ್ಲೇ ಸೇರಿದೆ. ಅದನ್ನು ಹಿಡಿಯುವುದು, ಮಾರುವುದು ಮಾತ್ರವಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ‘ಇದು ವಿದೇಶದ್ದು, ತೊಟ್ಟಿಯಲ್ಲೇ ಹುಟ್ಟಿದ್ದು’ ಎಂದು ಯಾರಾದರೂ ಹೇಳಿದರೆ ನಂಬಿಬಿಡಬೇಡಿ. ಅಂತರರಾಷ್ಟ್ರೀಯ ವ್ಯಾಪಾರವೂ 2004ರಿಂದ ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರದ ಜಾಗತಿಕ ಒಪ್ಪಂದದ ನಿಯಂತ್ರಣದಲ್ಲಿದೆ.

ಕಾನೂನನ್ನು ಬದಿಗಿಟ್ಟರೂ ಅದು ಮನೆಯಲ್ಲಿ ಸುಖವಾಗಿ ಬಾಳುವ ಜೀವವಲ್ಲ. ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ನುಂಗಿದ್ದು ನೇರ ಕರುಳಿಗೆ ಇಳಿದುಹೋಗುವುದರಿಂದ ದಿನವಿಡೀ ತಿನ್ನುತ್ತಲೇ ಇರಬೇಕು. ಅದೂ ಕೊಳವೆಯಂಥ ಮೂತಿಯಿಂದ ಹೀರಿಕೊಳ್ಳುವಷ್ಟು ಸಣ್ಣ ಸಿಗಡಿಗಳನ್ನು. ಅವಸರದ ಮೀನು ಜೊತೆಗಿದ್ದರೆ ಇದರ ಪಾಲು ಉಳಿಯುವುದಿಲ್ಲ. ಬಾಲದಿಂದ ಕಡಲಹುಲ್ಲನ್ನು ಬಿಗಿಯಾಗಿ ಸುತ್ತಿಕೊಂಡು, ಒಂದು ಕಣ್ಣನ್ನು ಅತ್ತ, ಇನ್ನೊಂದನ್ನು ಇತ್ತ ಹೊರಳಿಸುತ್ತಾ ಕಾದು ಕೂರುವ ಪ್ರಾಣಿ ಅದು. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಯಲ್ಲಿ ಟ್ರಾಲರ್ ಬಲೆಗೆ ಸಿಕ್ಕಿ ಸಾಯುತ್ತಿರುವ ಅವುಗಳ ಸಂಕಟಕ್ಕೆ ನಮ್ಮ ಆಸೆಯೂ ಸೇರುವುದು ಬೇಡ.

ಆದರೆ ನಿಮ್ಮ ಮಗಳಿಗೆ ಬೇಕಾಗಿರುವುದು ಮರಿಗಳನ್ನು ಜೋಪಾನ ಮಾಡುವ ಅಪ್ಪ, ಅಲ್ಲವೇ? ಅದನ್ನು ನಿಮ್ಮ ಖಾಲಿ ತೊಟ್ಟಿಯಲ್ಲೇ ತೋರಿಸಬಹುದು. ಅಸ್ಸಾಂ, ಬಂಗಾಳದ ಸಿಹಿನೀರಿನ ಮೀನು ಹನಿ ಗೌರಾಮಿಯ ಒಂದು ಜೋಡಿ ತನ್ನಿ. ನನಗೆ ಬಹಳ ಪ್ರಿಯವಾದ ಮೀನು. ಬೆದೆಗೆ ಬಂದ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ, ಗಂಟಲಿನಿಂದ ಹೊಟ್ಟೆಯವರೆಗೆ ಕಡುನೀಲಿ ಕಪ್ಪೇರುತ್ತದೆ. ಅದು ಮೇಲೆ ಬಂದು ಗಾಳಿ ಗುಟುಕರಿಸಿ, ಎಲೆಯ ಅಡಿಗೆ ಹೋಗಿ ಜೊಲ್ಲು ಸವರಿದ ಗುಳ್ಳೆಗಳನ್ನು ಒಂದೊಂದಾಗಿ ಉಗುಳುತ್ತಾ ಗೂಡು ಕಟ್ಟುತ್ತದೆ. ಚದುರಿದ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ತಂದು ಗುಳ್ಳೆಗಳ ನಡುವೆ ಇಡುತ್ತದೆ. ಮಗಳನ್ನು ತೊಟ್ಟಿಯ ಮುಂದೆ ಕೂರಿಸಿ, ಎಬ್ಬಿಸುವುದೇ ಕಷ್ಟವಾಗುತ್ತದೆ.

ನೀರು ಅಲುಗಾಡಿದರೆ ಗೂಡು ಒಡೆಯುತ್ತದೆ. ಹಾಗಾಗಿ ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಸಾಕು. ಮೇಲೆ ನಾಲ್ಕೈದು ಅಂತರಗಂಗೆ ಗಿಡಗಳನ್ನು ತೇಲಬಿಡಿ. ಕಾವೇರಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣವನ್ನು ಮರೆಯಬೇಡಿ. ಕೊಳವೆಬಾವಿಯ ಗಡಸು ನೀರಾದರೆ ಸ್ವಲ್ಪ ಆರ್‌ಒ ನೀರು ಬೆರೆಸಿ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕೇಬೇಕು. ನೀರು 25 ಡಿಗ್ರಿಯ ಆಸುಪಾಸಿನಲ್ಲಿರಲಿ. ಈ ಮೀನು ಮೇಲಿನ ಗಾಳಿಯನ್ನೂ ಉಸಿರಾಡುವುದರಿಂದ ಆ ಗಾಳಿ ತಣ್ಣಗಾಗದಂತೆ ಮುಚ್ಚಳ ಹಾಕಿ.

ಒಂದು ವಿಷಯದಲ್ಲಿ ಮಾತ್ರ ಆತುರ ಸಲ್ಲದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ನೀರಿಗೆ ದಿನವೂ ಚಿಟಿಕೆ ಆಹಾರ ಉದುರಿಸುವ ಕೆಲಸವನ್ನು ಮಗಳಿಗೇ ವಹಿಸಿ; ಅದು ಕೊಳೆತು ಬರುವ ಅಮೋನಿಯಾದಿಂದಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಮೊಟ್ಟೆ ಇಟ್ಟ ಮೇಲೆ ಹೆಣ್ಣನ್ನು ಬೇರೆ ಕಡೆಗೆ ಸಾಗಿಸಿ, ಗಂಡು ಅದನ್ನು ಅಟ್ಟಾಡಿಸುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತವೆ. ಮರಿಗಳು ತಾವಾಗಿ ಈಜತೊಡಗಿದ ದಿನ ಅಪ್ಪನನ್ನೂ ಹೊರಗೆ ತೆಗೆಯಬೇಕು. ಕಾವಲು ಮುಗಿದ ಮೇಲೆ ಅದರ ಕಣ್ಣಿಗೆ ಮರಿಗಳೂ ಆಹಾರವೇ.