ಕಾರ್ಡಿನಲ್ ಚಿತ್ರ ಸೀಮೆಸುಣ್ಣದ್ದಾ?

ಪ್ರಶ್ನೆ: ವೆನಿಸ್‌ನ ಚಿತ್ರಕಾರ್ತಿ ರೊಸಾಲ್ಬಾ ಕಾರಿಯೇರಾ ಬರೆದ ಕಾರ್ಡಿನಲ್ ಪೊಲಿನ್ಯಾಕ್ ಚಿತ್ರ ಪೇಸ್ಟಲ್‌ನದ್ದು ಅಂತೀರಿ. ಪೇಸ್ಟಲ್ ಅಂದರೆ ಸೀಮೆಸುಣ್ಣ ಅಲ್ವಾ? ಇಷ್ಟು ಹೊತ್ತಿಗೆ ಮಾಸಿಹೋಗಬೇಕಿತ್ತಲ್ಲ?

ಉತ್ತರ: ಇದಕ್ಕೆ ಉತ್ತರ ಬರೆದು ಬರೆದು ನನಗೆ ಬಾಯಿಪಾಠವೇ ಆಗಿದೆ. ಇರಲಿ, ಇನ್ನೊಮ್ಮೆ.

ಚಿತ್ರ 1732ರದ್ದು, ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ. ಪೊಲಿನ್ಯಾಕ್ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್ ನಂತರದ ಹಿರಿಯ ಪಾದ್ರಿಗಳಲ್ಲಿ ಒಬ್ಬರು. ರೋಮ್‌ನಲ್ಲಿ ಫ್ರಾನ್ಸಿನ ರಾಯಭಾರಿಯೂ ಆಗಿದ್ದ ಅವರು ಕೆಲಸ ಮುಗಿಸಿ ಊರಿಗೆ ಹೊರಟ ವರ್ಷ ಅದು.

ಈಗ ಸೀಮೆಸುಣ್ಣದ ವಿಚಾರ. ಕಡ್ಡಿಯ ಆಕಾರ ಒಂದೇ ಅನ್ನುವುದು ಬಿಟ್ಟರೆ ಎರಡಕ್ಕೂ ಸಂಬಂಧ ಕಡಿಮೆ. ಪೇಸ್ಟಲ್ ಅಂದರೆ ಬಣ್ಣದ ಪುಡಿಗೆ ಚೂರೇ ಚೂರು ಅಂಟು ಬೆರೆಸಿ, ಕಡ್ಡಿ ಮಾಡಿ ಒಣಗಿಸಿದ್ದು. ತೈಲವರ್ಣದಲ್ಲಿರುವುದೂ ಅದೇ ಪುಡಿ, ಜೊತೆಗೆ ಎಣ್ಣೆ. ಕಾಲ ಕಳೆದಂತೆ ಹಳದಿಯಾಗುವುದು ಆ ಎಣ್ಣೆ, ಮೇಲೆ ಬಳಿದ ವಾರ್ನಿಷ್. ಪೇಸ್ಟಲ್‌ನಲ್ಲಿ ಎರಡೂ ಇಲ್ಲ. ಹಾಗಾಗಿ ಹಳದಿಯಾಗುವ, ಬಿರುಕು ಬಿಡುವ ಕಾಟವೂ ಇಲ್ಲ. ಕೆಲವು ಕೆಂಪು ಬಣ್ಣಗಳು ಬೆಳಕಿಗೆ ಮಾಸುತ್ತವೆ, ನಿಜ. ಅದು ಪುಡಿಯ ದೋಷ. ಎಣ್ಣೆಯಲ್ಲಿ ಕಲಸಿದರೂ ಮಾಸುತ್ತದೆ. ಪೇಸ್ಟಲ್ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ?

ಇದರ ನಿಜವಾದ ಶತ್ರು ಬೆರಳು. ಆಮೇಲೆ ತೇವ, ಅಲುಗಾಟ. ರಂಗೋಲಿ ನೋಡಿ, ತುಳಿಯದಿದ್ದರೆ ಚೆನ್ನಾಗೇ ಇರುತ್ತದೆ. ಗಾಜು ಹಾಕುವುದು ಅದಕ್ಕೇ. ಮ್ಯೂಸಿಯಂಗಳು ಇಂಥ ಚಿತ್ರವನ್ನು ಬೇರೆ ಊರಿನ ಪ್ರದರ್ಶನಕ್ಕೆ ಕಳಿಸಲು ಹಿಂದೇಟು ಹಾಕುವುದೂ ಅದಕ್ಕೇ.

ಶಾಲೆಯಲ್ಲಿ ನೀವು ಉಜ್ಜಿದ ಆಯಿಲ್ ಪೇಸ್ಟಲ್ ಇದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದು 1920ರ ದಶಕದಲ್ಲಿ ಜಪಾನಿನಲ್ಲಿ ಬಂದ, ಮೇಣ ಬೆರೆತ ಸರಕು. ರೊಸಾಲ್ಬಾ ಮುಖದ ಬಣ್ಣವನ್ನು ನವಿರಾಗಿ ತೀಡಿ ಬೆರೆಸುತ್ತಿದ್ದರು. ಲೇಸ್ ಬರೆಯಬೇಕಾದಾಗ ಬಿಳಿ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಮೇಲಿಂದ ಮೇಲೆ ಎಳೆಯುತ್ತಿದ್ದರು. ಕಾಗದದ ಉಬ್ಬುಗಳಿಗಷ್ಟೇ ಬಿಳಿ ಹತ್ತುತ್ತಿತ್ತು. ಹತ್ತಿರ ಹೋದರೆ ಬರೀ ಗೀಚು, ಎರಡು ಹೆಜ್ಜೆ ಹಿಂದೆ ಸರಿದರೆ ಲೇಸ್!

ಎಲ್ಲರೂ ಕಡ್ಡಿಯ ಬಗ್ಗೆಯೇ ಕೇಳುತ್ತೀರಿ. ಚರ್ಚಿನವರಿಗೆ ರಾಯಭಾರದ ಕೆಲಸ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಒಂದು ಕಾರಣ ಸಂಬಳ: ಮಠಗಳ ಆದಾಯ ಕೈಗೆ ಕೊಟ್ಟರೆ ರಾಜನ ಖಜಾನೆಗೆ ಅಷ್ಟು ಹಗುರ. ಇನ್ನೊಂದು ಕಾರ್ಡಿನಲ್‌ಗಳು ತೊಡುವ ಆ ಕೆಂಪು ಬಟ್ಟೆಯೇ; ಪೋಪ್ ಆರಿಸುವ ಓಟು ಅವರದ್ದು. ಪೋಪ್ ಆಯ್ಕೆ ನಡೆಯುವಾಗ ಬೇರೆ ರಾಯಭಾರಿಗಳು ಬಾಗಿಲ ಹೊರಗೆ ಕಾಯಬೇಕು. 1730ರಲ್ಲಿ ಹನ್ನೆರಡನೇ ಕ್ಲೆಮೆಂಟ್ ಆಯ್ಕೆಯಾದಾಗ ಪೊಲಿನ್ಯಾಕ್ ಒಳಗೆ ಕೂತು ಓಟು ಹಾಕುತ್ತಿದ್ದರು.