ಮಾನಿಟರ್ ಮಸುಕು ಎಲ್ಲಿಂದ ಬರುತ್ತದೆ: ನನ್ನ ಅಧ್ಯಯನ ಟಿಪ್ಪಣಿ

ಹೊಸ 144 ಹರ್ಟ್ಜ್ ಮಾನಿಟರ್ ತಂದೆ. ಬಾಕ್ಸ್ ಮೇಲೆ ದೊಡ್ಡದಾಗಿ 1 ಮಿಲಿಸೆಕೆಂಡ್ ಎಂದಿತ್ತು. ಗ್ರಾಫಿಕ್ಸ್ ಕಾರ್ಡಿನ ವೇಗಕ್ಕೆ ಮಾನಿಟರ್ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಆನ್ ಇತ್ತು. ಆದರೂ ಆಟದಲ್ಲಿ ಬೇಗ ತಿರುಗಿದರೆ ಗೋಡೆ ಮೇಲಿನ ಅಕ್ಷರ ಮಸುಕು. ಮೂರು ರಾತ್ರಿ ಕೂತು ಅರ್ಥ ಮಾಡಿಕೊಂಡದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಫ್ರೇಮ್ ರೇಟ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಕೊಡುತ್ತದೆ ಎಂಬುದು. ರಿಫ್ರೆಶ್ ರೇಟ್ ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬುದು, ಅದರ ಅಳತೆಯೇ ಹರ್ಟ್ಜ್.

ನಾನು ಸಿಕ್ಕಿಕೊಂಡ ಜಾಗ

ಪರದೆ ಮೇಲೆ ಪ್ರತಿ ಫ್ರೇಮ್ ನಿಂತ ಚಿತ್ರವೇ. ಹಾಗಾದರೆ ಮಸುಕು ಎಲ್ಲಿಂದ ಬಂತು? ನಮ್ಮ ಕಣ್ಣಿನಿಂದ, ಮಾರಾಯ್ರೆ!

ಉಡುಪಿಯ ಕಲ್ಸಂಕದಲ್ಲಿ ನಿಂತು ಮಣಿಪಾಲದ ಬಸ್ ನೋಡಿ. ಬಸ್ ಜೊತೆಗೆ ಕಣ್ಣೂ ಜಾರುತ್ತದೆ, ಬೋರ್ಡ್ ಸಲೀಸಾಗಿ ಓದಬಹುದು. ಅದೇ ಬಸ್ 60 ಹರ್ಟ್ಜ್ ಪರದೆಯಲ್ಲಿ ಹೋದರೆ, ಒಂದು ಕಡೆ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, ಆಮೇಲೆ ಮುಂದಕ್ಕೆ ಹಾರುತ್ತದೆ. ಕಣ್ಣು ಮಾತ್ರ ಹಾರುವುದಿಲ್ಲ, ಜಾರುತ್ತಲೇ ಇರುತ್ತದೆ. ನಿಂತ ಚಿತ್ರದ ಮೇಲೆ ಕಣ್ಣು ಜಾರಿದಷ್ಟು ದೂರ ಚಿತ್ರ ಉಜ್ಜಿಹೋಗುತ್ತದೆ. ಮಸುಕು ಅಂದರೆ ಇದೇ.

ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಜ್‌ನಲ್ಲಿ 16 ಪಿಕ್ಸೆಲ್ ಉಜ್ಜುತ್ತದೆ. 120ರಲ್ಲಿ 8, 240ರಲ್ಲಿ 4.

ಅನುಮಾನ ಇದ್ದರೆ ಹೀಗೆ ಮಾಡಿ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಓಡಿಸಿ. ಪರದೆಗೆ ಬೆರಳು ತಾಗಿಸಿ, ಉಗುರನ್ನೇ ನೋಡಿ. ಅಕ್ಷರಗಳು ಬಿಡಿಬಿಡಿಯಾಗಿ ಹಾರಿಹೋಗುತ್ತವೆ. ಈಗ ಅಕ್ಷರದ ಹಿಂದೆ ಕಣ್ಣು ಓಡಿಸಿ: ಅಂಚೆಲ್ಲ ಕದಡುತ್ತದೆ. ತಮ್ಮನಿಗೆ ತೋರಿಸಿದೆ, ಅವನಿಗೂ ಹಾಗೇ ಕಂಡಿತು.

ಬಾಕ್ಸ್ ಮೇಲಿನ 1 ಮಿಲಿಸೆಕೆಂಡ್ ಸಾಮಾನ್ಯವಾಗಿ ಪಿಕ್ಸೆಲ್ ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ಸಮಯ. ಚಿತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬೇರೆ ಲೆಕ್ಕ. ಪಿಕ್ಸೆಲ್ 1 ಮಿಲಿಸೆಕೆಂಡಿಗಿಂತಲೂ ಬೇಗ ಬದಲಾಗುವ, ಪಿಕ್ಸೆಲ್ ತಾನೇ ಬೆಳಗುವ ಪರದೆಯಾದ ಓಲೆಡ್‌ನಲ್ಲೂ 60 ಹರ್ಟ್ಜ್ ಇದ್ದರೆ ಮಸುಕು ಇರುತ್ತದೆ. ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗಲು ಒತ್ತುವ ಸೆಟ್ಟಿಂಗ್) ಜಾಸ್ತಿ ಮಾಡಿದರೆ ವಸ್ತುವಿನ ಹಿಂದೆ ಬೆಳ್ಳಗಿನ ನೆರಳು ಬರುತ್ತದೆ, ಮಧ್ಯದಲ್ಲಿಟ್ಟರೆ ಸಾಕು.

ಅಡಾಪ್ಟಿವ್ ಸಿಂಕ್ ಮಾಡುವುದು ಬೇರೆ ಕೆಲಸ

ಮಾನಿಟರ್ ಅರ್ಧ ಚಿತ್ರ ಬರೆಯುವಾಗಲೇ ಕಾರ್ಡ್ ಹೊಸ ಫ್ರೇಮ್ ಕೊಟ್ಟರೆ ಚಿತ್ರ ಹರಿದಂತೆ ಕಾಣುತ್ತದೆ. ಕಾರ್ಡನ್ನು ಮಾನಿಟರಿನ ಸರದಿಗೆ ಕಾಯಿಸುವ ವಿ-ಸಿಂಕ್ ಹಾಕಿದರೆ ಹರಿಯುವುದಿಲ್ಲ, ಆದರೆ ತಡವಾದ ಫ್ರೇಮ್ ಮುಂದಿನ ಸರದಿಗೆ ಕಾಯಬೇಕು, ಆಟ ತಡವರಿಸುತ್ತದೆ. ಅಡಾಪ್ಟಿವ್‌ನಲ್ಲಿ ಮಾನಿಟರೇ ಕಾರ್ಡಿಗಾಗಿ ಕಾಯುತ್ತದೆ. ಎನ್‌ವಿಡಿಯಾ ಕಂಪನಿ 2013ರಲ್ಲಿ ಇದೇ ಕೆಲಸಕ್ಕೆ ಜಿ-ಸಿಂಕ್ ತಂದಿತು. 2014ರಲ್ಲಿ ಅಡಾಪ್ಟಿವ್ ಸಿಂಕ್ ಮಾನಿಟರ್ ಕೇಬಲ್ ಮಾನದಂಡವಾದ ಡಿಸ್‌ಪ್ಲೇಪೋರ್ಟ್ 1.2ಎಗೆ ಸೇರಿತು, ಎಎಮ್‌ಡಿಯ ಫ್ರೀಸಿಂಕ್ ಅದರ ಮೇಲೆಯೇ ನಿಂತಿದೆ. ನನ್ನ ಮಾನಿಟರಿನಲ್ಲಿ ಅಡಾಪ್ಟಿವ್ ನಡೆಯುವ ವ್ಯಾಪ್ತಿ 48ರಿಂದ 144 ಹರ್ಟ್ಜ್. ಆಟ 40 ಫ್ರೇಮಿಗೆ ಇಳಿದರೆ ಪ್ರತಿ ಫ್ರೇಮ್ ಎರಡು ಸಲ ತೋರಿಸಿ 80 ಹರ್ಟ್ಜ್‌ನಲ್ಲಿ ಓಡಿಸುತ್ತದೆ.

ಈಗ ನನ್ನ ಲೆಕ್ಕ. 1000ವನ್ನು ಫ್ರೇಮ್ ರೇಟಿನಿಂದ ಭಾಗಿಸಿ, ಒಂದು ಫ್ರೇಮ್ ನಿಲ್ಲುವ ಮಿಲಿಸೆಕೆಂಡ್ ಸಿಗುತ್ತದೆ. ಆಟ ಓಡುತ್ತಿದ್ದದ್ದು 70ರಲ್ಲಿ. ಅಡಾಪ್ಟಿವ್‌ನಿಂದ ಮಾನಿಟರೂ 70ಕ್ಕೇ ಇಳಿಯಿತು, ಪ್ರತಿ ಫ್ರೇಮ್ 14 ಮಿಲಿಸೆಕೆಂಡ್ ನಿಂತಿತು. 144 ಅನ್ನೋದು ಬಾಕ್ಸ್ ಮೇಲೆ ಮಾತ್ರ!

ಪ್ರತಿ ಫ್ರೇಮಿಗೂ ಪರದೆಯ ಬೆಳಕನ್ನು ಕ್ಷಣ ಮಾತ್ರ ಮಿಂಚಿಸಿ, ಚಿತ್ರ ನಿಲ್ಲುವ ಹೊತ್ತು ಇಳಿಸಿ ಮಸುಕು ಕಡಿಮೆ ಮಾಡುವ ಮೋಡೂ ಇದೆ. ಪರದೆ ಮಂಕಾಗುತ್ತದೆ, ಹೆಚ್ಚಿನ ಮಾನಿಟರುಗಳಲ್ಲಿ ಅಡಾಪ್ಟಿವ್ ಜೊತೆ ನಡೆಯುವುದಿಲ್ಲ.

ನಾನು ಆಟದ ನೆರಳಿನ ಗುಣಮಟ್ಟ ಇಳಿಸಿದೆ. 120 ಫ್ರೇಮ್ ಬಂತು, 8 ಮಿಲಿಸೆಕೆಂಡ್. ನಿನ್ನೆ ರಾತ್ರಿ ಅದೇ ಗೋಡೆಯ ಮುಂದೆ ಅದೇ ವೇಗದಲ್ಲಿ ತಿರುಗಿದೆ. ಅಕ್ಷರ ಓದಲು ಸಿಕ್ಕಿತು.