ಡ್ರ್ಯಾಗ್ ರೇಸ್ ಕಾರಿನ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್: ಶಾಖದ ಲೆಕ್ಕಾಚಾರ ಮತ್ತು ಕೂಲರ್‌ನ ಕೆಲಸ

ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ ಕಾಲು ಮೈಲಿಯನ್ನು, ಅಂದರೆ ಸುಮಾರು 402 ಮೀಟರ್ ದೂರವನ್ನು, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುವ ಅನೇಕ ಕಾರುಗಳಲ್ಲಿ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಇರುತ್ತದೆ. 1950ರಲ್ಲಿ ಷೆವ್ರೊಲೆ ಕಾರುಗಳಿಗೆ ಬಂದ, 1962ರಿಂದ ಅಲ್ಯೂಮಿನಿಯಂ ಹೊರಕವಚ ಪಡೆದ ಎರಡೇ ಗಿಯರಿನ ಪವರ್‌ಗ್ಲೈಡ್ ಇವುಗಳಲ್ಲಿ ಹೆಸರಾದದ್ದು. ತಯಾರಿಕೆ 1973ರಲ್ಲಿ ನಿಂತಿದ್ದರೂ ರೇಸಿನವರು ಅದನ್ನು ಬಿಟ್ಟಿಲ್ಲ. ಒಳಗೆ ತಿರುಗುವ ಭಾಗಗಳು ಕಡಿಮೆ, ಹಾಗಾಗಿ ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಹತ್ತು ಸೆಕೆಂಡು ಮಾತ್ರ ಓಡುವ ಕಾರಿಗೆ ಗಿಯರ್‌ಬಾಕ್ಸ್ ಕೂಲರ್, ಅಂದರೆ ಗಿಯರ್‌ಬಾಕ್ಸಿನ ಆಯಿಲನ್ನು ತಣಿಸುವ ಸಾಧನ, ಏಕೆ ಬೇಕು ಎಂಬ ಪ್ರಶ್ನೆ ಸಹಜವಾದದ್ದು. ಉತ್ತರ ಗಿಯರುಗಳಲ್ಲಿಲ್ಲ, ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗಿಯರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿದೆ.

ಕನ್ವರ್ಟರ್‌ನೊಳಗೆ ಎಂಜಿನ್ ತಿರುಗಿಸುವ ಇಂಪೆಲ್ಲರ್ ಆಯಿಲನ್ನು ಎಸೆಯುತ್ತದೆ, ಗಿಯರ್‌ಬಾಕ್ಸಿಗೆ ಜೋಡಿಸಿದ ಟರ್ಬೈನ್ ಆ ಹೊಡೆತಕ್ಕೆ ತಿರುಗುತ್ತದೆ. ಎರಡರ ವೇಗದ ವ್ಯತ್ಯಾಸವೇ ಸ್ಲಿಪ್. ಸ್ಲಿಪ್‌ನಲ್ಲಿ ಕಳೆದ ಶಕ್ತಿಯೆಲ್ಲ ಆಯಿಲಿನ ಶಾಖವಾಗುತ್ತದೆ. ಸ್ಟಾರ್ಟ್ ಲೈನಿನಲ್ಲಿ ಚಾಲಕ ಟ್ರಾನ್ಸ್‌ಬ್ರೇಕ್ ಗುಂಡಿ ಒತ್ತಿದಾಗ ಮೊದಲ ಗಿಯರ್ ಮತ್ತು ರಿವರ್ಸ್ ಒಟ್ಟಿಗೆ ಹಿಡಿದು ಗಿಯರ್‌ಬಾಕ್ಸ್ ಬಿಗಿಯಾಗಿ ನಿಲ್ಲುತ್ತದೆ. ಟರ್ಬೈನ್ ಅಲುಗುವುದಿಲ್ಲ, ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿರುತ್ತದೆ. ಆಗ ಎಂಜಿನ್ ಕೊಡುವ ಶಕ್ತಿಯಲ್ಲಿ ಒಂದಂಶವೂ ಚಕ್ರಕ್ಕೆ ಹೋಗದೆ ಎಲ್ಲವೂ ಆಯಿಲನ್ನು ಕಾಯಿಸಲು ವ್ಯಯವಾಗುತ್ತದೆ.

ಇದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಎಂಜಿನ್ 4000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದೆ ಎಂದುಕೊಳ್ಳೋಣ. ಅದು ಸುಮಾರು 168 ಕಿಲೊವ್ಯಾಟ್. ಮೂರು ಸೆಕೆಂಡು ಹೀಗೆ ಹಿಡಿದು ನಿಂತರೆ ಹುಟ್ಟುವ ಶಾಖ ಸುಮಾರು 500 ಕಿಲೊಜೂಲ್. ಕನ್ವರ್ಟರ್‌ನಲ್ಲಿ 4 ಲೀಟರ್, ಅಂದರೆ ಸುಮಾರು 3.4 ಕಿಲೊಗ್ರಾಂ ಆಯಿಲ್ ಇದ್ದು, ಒಂದು ಕಿಲೊಗ್ರಾಂ ಆಯಿಲನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 2 ಕಿಲೊಜೂಲ್ ಬೇಕು ಎಂದು ಹಿಡಿದರೆ, ಆ ಮೂರು ಸೆಕೆಂಡಿನಲ್ಲಿ ಆಯಿಲ್ 74 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ಕನ್ವರ್ಟರ್‌ನ ಲೋಹವೂ ಸ್ವಲ್ಪ ಶಾಖ ಹೀರುವುದರಿಂದ ಮತ್ತು ಆಯಿಲ್ ಹರಿಯುತ್ತಲೇ ಇರುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆಯಾಗುತ್ತದೆ, ಆದರೆ ಅದರ ಗಾತ್ರ ಯಾವ ಮಟ್ಟದ್ದು ಎಂಬುದು ಸ್ಪಷ್ಟ.

ಇನ್ನು ಓಟದ ಪಾಲು. 500 ಅಶ್ವಶಕ್ತಿಯ, ಅಂದರೆ 373 ಕಿಲೊವ್ಯಾಟಿನ ಎಂಜಿನ್ ಸರಾಸರಿ ಶೇಕಡಾ 6ರ ಸ್ಲಿಪ್‌ನಲ್ಲಿ ಹತ್ತು ಸೆಕೆಂಡು ಓಡಿದರೆ ಸುಮಾರು 220 ಕಿಲೊಜೂಲ್ ಸೇರುತ್ತದೆ. ಕಾರು ಹೊರಟ ಮೊದಲ ಕ್ಷಣಗಳಲ್ಲಿ ಸ್ಲಿಪ್ ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. ಒಟ್ಟು 720 ಕಿಲೊಜೂಲ್. ಕೂಲರ್ 3 ಕಿಲೊವ್ಯಾಟ್ ಶಾಖವನ್ನು ಹೊರಹಾಕಬಲ್ಲದು ಎಂದು ಭಾವಿಸಿದರೆ, ಓಟದ ಹತ್ತು ಸೆಕೆಂಡಿನಲ್ಲಿ ಅದು ತೆಗೆಯುವುದು ಕೇವಲ 30 ಕಿಲೊಜೂಲ್. ಉಳಿದದ್ದನ್ನು ತೆಗೆಯಲು ಅದಕ್ಕೆ ಸುಮಾರು ನಾಲ್ಕು ನಿಮಿಷ ಬೇಕು. ಈ ಟಿಪ್ಪಣಿಯ ತಿರುಳು ಇಷ್ಟೇ: ಡ್ರ್ಯಾಗ್ ಕಾರಿನ ಕೂಲರ್ ಓಟದ ಸಮಯದಲ್ಲಿ ಹೆಚ್ಚೇನೂ ಮಾಡುವುದಿಲ್ಲ, ಅದರ ಕೆಲಸ ಎರಡು ಓಟಗಳ ನಡುವಿನದು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಭಾರ ಎಳೆಯುವ ವಾಹನದ ಕೂಲರ್‌ಗೆ ಹೇಳಿದ ನಿಯಮಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಕೂಲರ್‌ಗೆ ಸ್ವಂತ ವಿದ್ಯುತ್ ಫ್ಯಾನ್ ಏಕೆ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ನಿಂತ ಕಾರಿಗೆ ಎದುರು ಗಾಳಿ ಇಲ್ಲ. ಫ್ಯಾನ್ ಇದ್ದರೆ ಕೂಲರನ್ನು ರೇಡಿಯೇಟರ್‌ನ ಮುಂದೆಯೇ ಕೂರಿಸಬೇಕೆಂದೂ ಇಲ್ಲ, ಹಿಂಭಾಗದಲ್ಲಿ ಅಡಿಗೆ ಕಟ್ಟಿದರೂ ನಡೆಯುತ್ತದೆ. ಆದರೆ ಫ್ಯಾನ್ ಒಂದೇ ಸಾಲದು. ಗಿಯರ್‌ಬಾಕ್ಸಿನ ಪಂಪನ್ನು ತಿರುಗಿಸುವುದು ಕನ್ವರ್ಟರ್‌ನ ಹಬ್, ಕನ್ವರ್ಟರನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿಸಿದೊಡನೆ ಹರಿವು ನಿಂತು, ಬಿಸಿ ಆಯಿಲ್ ಕನ್ವರ್ಟರ್‌ನಲ್ಲಿಯೇ ಉಳಿಯುತ್ತದೆ. ಫ್ಯಾನ್ ಎಷ್ಟು ಹೊತ್ತು ತಿರುಗಿದರೂ ತಣಿಯುವುದು ಕೂಲರ್‌ನಲ್ಲಿದ್ದ ಅಷ್ಟೇ ಆಯಿಲ್. ಆದ್ದರಿಂದ ಓಟ ಮುಗಿದ ಮೇಲೆ ಗಿಯರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನನ್ನು ಕೆಲವು ನಿಮಿಷ ನಿಧಾನವಾಗಿ ನಡೆಸಬೇಕು. ನ್ಯೂಟ್ರಲ್‌ನಲ್ಲಿ ಟರ್ಬೈನ್ ತಡೆಯಿಲ್ಲದೆ ತಿರುಗುವುದರಿಂದ ಹೊಸ ಶಾಖ ಬಹಳ ಕಡಿಮೆ. ಡ್ರೈವ್‌ನಲ್ಲಿಟ್ಟು ಬ್ರೇಕ್ ಒತ್ತಿ ನಿಂತರೆ ಈ ಲಾಭ ಇಲ್ಲ. ಪಾರ್ಕ್ ಕೂಡ ಎಲ್ಲ ಕಡೆ ಒಂದೇ ಅಲ್ಲ: ಕ್ರೈಸ್ಲರ್‌ನ ಹಳೆಯ ಟಾರ್ಕ್‌ಫ್ಲೈಟ್ ಗಿಯರ್‌ಬಾಕ್ಸ್‌ಗಳಲ್ಲಿ ಪಾರ್ಕ್‌ನಲ್ಲಿ ಕನ್ವರ್ಟರ್‌ಗೆ ಆಯಿಲ್ ಹೋಗುವುದಿಲ್ಲ.

ಸ್ಟಾಲ್ ವೇಗ, ಅಂದರೆ ಟರ್ಬೈನ್ ನಿಂತಿರುವಾಗ ಎಂಜಿನ್ ಏರಬಲ್ಲ ಗರಿಷ್ಠ ವೇಗ, ಹೆಚ್ಚಿರುವ ಕನ್ವರ್ಟರ್‌ಗೆ ಇನ್ನೊಂದು ತೊಂದರೆಯಿದೆ. 5000 ಆರ್‌ಪಿಎಂ ಸ್ಟಾಲ್‌ನ ಕನ್ವರ್ಟರ್ ಹಾಕಿದ ಕಾರನ್ನು ಪಿಟ್‌ನಲ್ಲಿ, ಅಂದರೆ ಕಾರುಗಳು ಓಟಗಳ ನಡುವೆ ತಂಗುವ ಜಾಗದಲ್ಲಿ, ಮೆಲ್ಲಗೆ ಓಡಿಸುವಾಗ ಸ್ಲಿಪ್ ನಿರಂತರವಾಗಿರುತ್ತದೆ, ಓಟವಿಲ್ಲದೆಯೇ ಆಯಿಲ್ ಕಾಯುತ್ತದೆ. ಪಿಟ್‌ನಿಂದ ಓಟಕ್ಕೆ ಕಾಯುವ ಸಾಲಿಗೆ ಕಾರನ್ನು ಇನ್ನೊಂದು ಗಾಡಿಯಿಂದ ಎಳೆಸಿಕೊಂಡು ಹೋಗುವವರು ಬರೀ ಸೋಮಾರಿತನಕ್ಕೆ ಹಾಗೆ ಮಾಡುವುದಿಲ್ಲ.

ತಾಪಮಾನವನ್ನು ಎಲ್ಲಿ ಅಳೆಯುತ್ತೇವೆ ಎಂಬುದು ಬಹಳ ಮುಖ್ಯ. ಆಯಿಲ್ ಪಂಪಿನಿಂದ ಕನ್ವರ್ಟರ್‌ಗೆ, ಅಲ್ಲಿಂದ ಕೂಲರ್‌ಗೆ, ಕೂಲರ್‌ನಿಂದ ಮರಳಿ ಬೇರಿಂಗ್ ಮತ್ತು ಗಿಯರುಗಳಿಗೆ ಹೋಗಿ ಕೊನೆಗೆ ಗಿಯರ್‌ಬಾಕ್ಸಿನ ತಳದಲ್ಲಿರುವ ಆಯಿಲ್ ತಟ್ಟೆಯಾದ ಪ್ಯಾನಿಗೆ ಇಳಿಯುತ್ತದೆ. ಕನ್ವರ್ಟರ್‌ನಿಂದ ಹೊರಬರುವ ಪೈಪಿನಲ್ಲಿಟ್ಟ ಗೇಜ್ ಓಟದ ಬಿಸಿಯನ್ನು ಕೂಡಲೇ ತೋರಿಸುತ್ತದೆ, ಪ್ಯಾನಿನದು ತಡವಾಗಿ ಮತ್ತು ಕಡಿಮೆಯಾಗಿ ತೋರಿಸುತ್ತದೆ. ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ 80 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕ್ಷೇಮ, ಸುಮಾರು 115ರ ಮೇಲೆ ಆಯಿಲ್ ಕೆಟ್ಟು ವಾರ್ನಿಷ್‌ನಂತೆ ಅಂಟತೊಡಗುತ್ತದೆ, 125 ದಾಟಿದರೆ ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ. ಇವನ್ನು ದಿನವಿಡೀ ಓಡುವ ಗಾಡಿಯ ಅಳತೆಗಳೆಂದೇ ಓದಬೇಕು. ಕನ್ವರ್ಟರ್ ಪೈಪಿನಲ್ಲಿ ಕೆಲವು ಕ್ಷಣ ಕಂಡ ದೊಡ್ಡ ಅಂಕಿಗೆ ಗಾಬರಿಯಾಗಬೇಕಿಲ್ಲ.

ಬ್ರಾಕೆಟ್ ರೇಸಿಂಗ್‌ನಲ್ಲಿ ಚಾಲಕ ತಾನು ಓಟ ಮುಗಿಸಲಿರುವ ಸಮಯವನ್ನು ಮೊದಲೇ ಕಾರಿನ ಗಾಜಿನ ಮೇಲೆ ಬರೆದಿರುತ್ತಾನೆ. ಅದಕ್ಕಿಂತ ಬೇಗ ಓಡಿದರೂ ಸೋಲಬಹುದು. ಆಯಿಲಿನ ಬಿಸಿ ಬದಲಾದರೆ ಕನ್ವರ್ಟರ್‌ನ ವರ್ತನೆ ಬದಲಾಗಿ ಕಾರು ಹೊರಡುವ ರೀತಿಯೂ ಬದಲಾಗುತ್ತದೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆದಷ್ಟು ತಂಪು ಎಂಬ ಗುರಿಗಿಂತ ಪ್ರತಿ ಸುತ್ತಿಗೂ ಒಂದೇ ತಾಪಮಾನದಲ್ಲಿ ಸಾಲಿಗೆ ಬರುವುದು ಮೇಲು; ಮೊದಲ ಸುತ್ತಿಗೆ ಆಯಿಲನ್ನು ಬೇಕೆಂದೇ ಕಾಯಿಸಿಕೊಳ್ಳಬೇಕಾಗುವುದೂ ಇದೆ.

ಆಳವಾದ ಪ್ಯಾನ್ ಹಾಕುವುದರ ಲಾಭ ಮಿತವಾದದ್ದು. ಮೇಲಿನ 720 ಕಿಲೊಜೂಲ್ 10 ಲೀಟರ್ ಆಯಿಲಿನಲ್ಲಿ ಹರಡಿದರೆ ಏರಿಕೆ 42 ಡಿಗ್ರಿ, 12 ಲೀಟರ್‌ನಲ್ಲಾದರೆ 35. ಮಟ್ಟವನ್ನು ಮಿತಿಮೀರಿ ತುಂಬಿಸಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆ ವೆಂಟ್ ಕೊಳವೆಯಿಂದ ಉಕ್ಕಿ ಟೈರ್ ಅಡಿಗೆ ಹರಿಯಬಹುದು. ರೇಡಿಯೇಟರ್‌ನ ತೊಟ್ಟಿಯೊಳಗಿನ ಕೂಲರ್ ಒಂದನ್ನೇ ನಂಬಿದರೆ ಆಯಿಲ್ ಆ ನೀರಿಗಿಂತ ತಣ್ಣಗಾಗದು. ಹೊರಗಿನ ಕೂಲರ್‌ಗಳಲ್ಲಿ ಪದರ ಪದರವಾದ ಪ್ಲೇಟ್ ಮಾದರಿಯದು ಕೊಳವೆ ಮಾದರಿಯದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಬಾಯಿಗಳು ಮೇಲಕ್ಕೆ ಅಥವಾ ಪಕ್ಕಕ್ಕೆ ಇರಬೇಕು, ಕೆಳಕ್ಕಿದ್ದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಪ್ಲೇಟ್ ಮಾದರಿಗೆ ಒಂದು ದೋಷವಿದೆ: ಕ್ಲಚ್ ಸುಟ್ಟು ಅಥವಾ ಕನ್ವರ್ಟರ್ ಒಡೆದು ಲೋಹದ ಪುಡಿ ಅದರೊಳಗೆ ಸೇರಿದರೆ ಎಷ್ಟು ತೊಳೆದರೂ ಪೂರ್ತಿ ಹೋಗದು. ಹೊಸದಾಗಿ ಕಟ್ಟಿದ ಗಿಯರ್‌ಬಾಕ್ಸಿಗೆ ಹಳೆಯ ಕೂಲರ್ ಜೋಡಿಸಿದರೆ ಆ ಪುಡಿ ಬಂದು ಬೀಳುವುದು ನೇರವಾಗಿ ಬೇರಿಂಗ್‌ಗಳಿಗೆ. ಅಂಥ ಸಂದರ್ಭದಲ್ಲಿ ಕೂಲರನ್ನೂ ಬದಲಿಸಿ, ಮರಳುವ ಪೈಪಿನಲ್ಲಿ ಫಿಲ್ಟರ್ ಕೂರಿಸಬೇಕು.